ಎಣ್ಣೆ ಮುಟ್ಟದ ಬಿಜಾಗರಿ

ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ನಾನು ಬಡಿಗತನದಿಂದ ನಿವೃತ್ತನಾದೆ. ನಗುವವರು ನಕ್ಕು ಮುಗಿಸಿ ಆಮೇಲೆ ಓದಲಿ. ನಿವೃತ್ತಿಗೆ ನರೆಗೂದಲು, ಶಾಲು, ಹಣ್ಣಿನ ಬುಟ್ಟಿ ಬೇಕೇ ಬೇಕು ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಏಳು ವರ್ಷ ಮಾಡಿದ ಕೆಲಸವನ್ನು ಇನ್ನು ಮಾಡಲಾಗದು ಎಂದಾದರೆ ಅದು ನಿವೃತ್ತಿಯೇ. ಮಿರಜಿನ ಡಾಕ್ಟರು ನನ್ನ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಕಟ್ಟಿಗೆಯ ಪುಡಿ ನಿನಗೆ ಆಗಿಬರುವುದಿಲ್ಲ, ಕೆಲಸ ಬದಲಿಸು ಎಂದರು. ನಾನು ಅರ್ಧ ಗಂಟೆ ವಾದಿಸಿದೆ. ಅವರು ಸಮಾಧಾನದಿಂದ ಕೇಳಿಸಿಕೊಂಡು ಮತ್ತೆ ಅದೇ ಮಾತು ಹೇಳಿದರು. ಈಗ ಕಾಗವಾಡದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಕೂತು, ಒಂದು ಕಾಲಕ್ಕೆ ಬಾಗಿಲು ತಿರುಗಲೆಂದು ಚೌಕಟ್ಟಿಗೆ ಕೂರಿಸುತ್ತಿದ್ದ ಬಿಜಾಗರಿಗಳನ್ನೇ ಕಾಗದದಲ್ಲಿ ಸುತ್ತಿ ಕೊಡುತ್ತೇನೆ.

ಕೊಳ್ಳಲು ಬರುವವರಲ್ಲಿ ಐ.ಟಿ.ಐ. ಮುಗಿಸಿ ಈಗಷ್ಟೇ ಕೆಲಸಕ್ಕೆ ಇಳಿದವರೂ ಇರುತ್ತಾರೆ. ಯಾವ ಕಂಪನಿಯದು ಒಳ್ಳೆಯದು ಎಂದು ಕೇಳುತ್ತಾರೆ. ಯಾರ ಮನೆಯ ಬಾಗಿಲು ಎಂದು ನಾನು ತಿರುಗಿ ಕೇಳಿದರೆ, ಅದೇಕೆ ಬೇಕು ಎನ್ನುವಂತೆ ಮುಖ ನೋಡುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಿಂದಿನವರ ಕೆಲಸವೇ ಕೆಲಸ ಎಂಬ ಪಾಠ ಇದರಲ್ಲಿಲ್ಲ. ಆ ಮಾತನ್ನು ನಾನು ಒಪ್ಪುವುದೂ ಇಲ್ಲ. ಕೈಯಿಂದ ತಿರುವುವ ಬೈರಿಗೆಗಿಂತ ಬ್ಯಾಟರಿಯ ಡ್ರಿಲ್ ಮೇಲು. ಇದರಲ್ಲಿ ಚರ್ಚೆಗೆ ಜಾಗವಿಲ್ಲ. ಆದರೆ ತೂತು ಎಲ್ಲಿ ಹಾಕಬೇಕು, ಹಾಕಬೇಕೋ ಬೇಡವೋ ಎನ್ನುವುದನ್ನು ಡ್ರಿಲ್ ಹೇಳುವುದಿಲ್ಲ. ನನಗೆ ಅದನ್ನು ಹೇಳಿದವರು ಇಬ್ಬರು. ಒಬ್ಬರು ನನ್ನ ಸೋದರಮಾವ ಕಾಳಪ್ಪ, ಇನ್ನೊಬ್ಬರು ಉಗಾರ ಬುದ್ರುಕದ ಜಿನ್ನವ್ವ ಆಯಿ.

ಚಿಕ್ಕೋಡಿಯ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಲಿ. ವಿಷಯ ಯಾವುದೇ ಇರಲಿ, ಪರವಾಗಿ ಎಂದರೆ ಪರ, ವಿರೋಧ ಎಂದರೆ ವಿರೋಧ. ಗೆದ್ದ ಢಾಲುಗಳನ್ನು ಅವ್ವ ಟಿ.ವಿ.ಯ ಮೇಲೆ ಸಾಲಾಗಿ ಇಟ್ಟಿದ್ದಳು. ಬಿ.ಎ. ಮುಗಿದು ಒಂದು ವರ್ಷವಾದರೂ ನೌಕರಿ ಸಿಗದಿದ್ದಾಗ, ಕಾಳಪ್ಪ ಮಾವ ಬಂದು ಆ ಢಾಲುಗಳನ್ನು ಒಂದೊಂದಾಗಿ ಎತ್ತಿ ಹಿಂದೆ ಮುಂದೆ ನೋಡಿ, ಇವುಗಳ ಕೂಡಿಕೆ ಸರಿಯಿಲ್ಲ, ಅಂಟು ಬಿಟ್ಟಿದೆ ಎಂದ. ಮರುದಿನದಿಂದ ಅವನ ಮೋಟರ್‌ಸೈಕಲ್ಲಿನ ಹಿಂದೆ ಹತಾರದ ಚೀಲ ಹಿಡಿದು ಕೂತೆ. ಮೊದಲ ವಾರವೇ ನನಗೆ ವಕೀಲ ಎಂದು ಹೆಸರಿಟ್ಟ. ರಾಯಬಾಗದಿಂದ ನಿಪ್ಪಾಣಿಯವರೆಗೆ ಗಿರಾಕಿಗಳೆಲ್ಲ ಹಾಗೆಯೇ ಕರೆದರು.

ಮಾವನದು ಹೊಸ ಬಾಗಿಲು ಮಾಡುವ ಕೆಲಸ ಕಡಿಮೆ, ಹಳೆಯದನ್ನು ಉಳಿಸುವ ಕೆಲಸ ಹೆಚ್ಚು. ಬಿಜಾಗರಿ ಬದಲಿಸುವುದು ಅದರಲ್ಲಿ ಎಲ್ಲಕ್ಕಿಂತ ಸಣ್ಣದು ಎಂದು ನಾನು ತಿಳಿದಿದ್ದೆ. ಎರಡು ಪಟ್ಟಿ, ನಡುವೆ ಒಂದು ಕಡ್ಡಿ, ಆರೆಂಟು ಸ್ಕ್ರೂ. ಹಳೆಯದನ್ನು ಬಿಚ್ಚು, ಹೊಸದನ್ನು ಹಾಕು. ಇದರಲ್ಲಿ ಕಲಿಯಲು ಏನಿದೆ?

ನಿಪ್ಪಾಣಿಯ ಒಂದು ತಂಬಾಕಿನ ಗೋದಾಮಿನಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ಬಾಗಿಲು ಮುಚ್ಚುತ್ತಿರಲಿಲ್ಲ. ಮಾವ ಬೇರೆ ಕಡೆ ಹೋಗಿದ್ದ, ನಾನೊಬ್ಬನೇ ಇದ್ದೆ. ಮೂರೂ ಬಿಜಾಗರಿ ಕಿತ್ತು ಹೊಸವನ್ನು ಕೂರಿಸಿದೆ. ಮುಚ್ಚಲಿಲ್ಲ. ಇನ್ನಷ್ಟು ದಪ್ಪನೆಯವನ್ನು ತಂದು ಹಾಕಿದೆ. ಈಗ ಅರ್ಧಕ್ಕೇ ನಿಂತಿತು. ತಂಬಾಕಿನ ಘಾಟಿಗೆ ಕೆಮ್ಮುತ್ತ, ಬಾಗಿಲು ಸೊಟ್ಟ, ಕಟ್ಟಿಗೆ ಕಳಪೆ, ಮೊದಲು ಮಾಡಿದವನು ದಡ್ಡ ಎಂದು ಗೋದಾಮಿನ ಮಾಲೀಕರಿಗೆ ಮೂರು ಕಾರಣಗಳನ್ನು ವಿಂಗಡಿಸಿ ಹೇಳಿದೆ. ಸಂಜೆ ಬಂದ ಮಾವ ಬಾಗಿಲನ್ನು ಮುಟ್ಟಲೇ ಇಲ್ಲ. ದಾರಕ್ಕೆ ತೂಕದ ಗುಂಡು ಕಟ್ಟಿ ಚೌಕಟ್ಟಿನ ಪಕ್ಕ ಇಳಿಬಿಟ್ಟ. ಗೋಡೆ ಕುಸಿದು ಚೌಕಟ್ಟೇ ವಾಲಿತ್ತು. ಬೀಡಿಯ ಬಂಡಲಿನ ಖಾಲಿ ರಟ್ಟನ್ನು ಮಡಚಿ, ಕೆಳಗಿನ ಬಿಜಾಗರಿಯ ಹಿಂದೆ ತುರುಕಿ ಸ್ಕ್ರೂ ಬಿಗಿದ. ಬಾಗಿಲು ಬೆರಳಿಂದ ದೂಡಿದರೆ ಮುಚ್ಚಿಕೊಂಡಿತು. ಮೂರು ಕಾರಣಗಳ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ. ಆ ಕೆಲಸ ಮಾಲೀಕರು ಮಾಡಿದರು, ಇಡೀ ಪೇಟೆಗೆ ಕೇಳುವಂತೆ.

ಇನ್ನೊಂದು ಪಾಠ ಅಥಣಿಯದು. ಒಂದು ಮನೆಯ ತಲೆಬಾಗಿಲಿನ ಸ್ಕ್ರೂಗಳು ಹಿಡಿಯುತ್ತಿರಲಿಲ್ಲ. ಬಂದ ಪ್ರತಿಯೊಬ್ಬ ಬಡಿಗನೂ ಹಿಂದಿನವನಿಗಿಂತ ದಪ್ಪ ಸ್ಕ್ರೂ ಹೊಡೆದು ಹೋಗಿದ್ದ. ತೂತು ಹೆಬ್ಬೆರಳು ಹೋಗುವಷ್ಟಾಗಿತ್ತು. ಮಾವ ಹಣ್ಣಾದ ಬಿದಿರನ್ನು ಸೀಳಿ, ತೂತಿನ ಅಳತೆಗೆ ಗೂಟ ಮಾಡಿ, ಅಂಟು ಹಚ್ಚಿ ಬಡಿದು ಕೂರಿಸಿ, ಒಣಗಿದ ಮೇಲೆ ಅದರಲ್ಲೇ ಹೊಸ ತೂತು ಹಾಕಿ ಮೊದಲಿನ ಸಣ್ಣ ಸ್ಕ್ರೂವನ್ನೇ ಬಿಗಿದ. ಎಳೆಯರೇ, ಈ ಒಂದನ್ನು ಕಲಿತರೆ ಅರ್ಧ ಬಡಿಗತನ ಕಲಿತಂತೆ. ದಪ್ಪ ಸ್ಕ್ರೂ ಮಾರುವವನು ನಾನು, ಆದರೂ ಹೇಳುತ್ತಿದ್ದೇನೆ.

ಇಷ್ಟು ಕಲಿತು ನಾಲ್ಕನೆಯ ವರ್ಷದಲ್ಲಿ ಉಗಾರ ಬುದ್ರುಕಕ್ಕೆ ಹೋದದ್ದು. ಜಿನ್ನವ್ವ ಆಯಿಯ ಮನೆಯವರು ಕಬ್ಬಿನ ಹೊಲದ ಜೈನರು. ಆಯಿಗೆ ಆಗಲೇ ಎಪ್ಪತ್ತು ದಾಟಿತ್ತು. ಮನೆಯ ವ್ಯವಹಾರವೆಲ್ಲ ಮಗ ಅಪ್ಪಾಸಾಹೇಬರದು, ಅಡುಗೆಮನೆ ಮಾತ್ರ ಆಯಿಯದು. ಅಡುಗೆಮನೆಯಿಂದ ಹಿತ್ತಲಿಗೆ ಒಂದು ಸಾಗವಾನಿಯ ಜಾಳಿ ಬಾಗಿಲು. ಚೌಕಟ್ಟಿಗೆ ತಂತಿಯ ಬಲೆ ಬಡಿದದ್ದು, ಗಾಳಿ ಬರಬೇಕು, ಹುಳ ಬರಬಾರದು. ನಮ್ಮ ಮನೆಗಳಲ್ಲಿ ಜಾಳಿ ಹಾಕುವುದು ಹುಳದಿಂದ ನಾವು ಉಳಿಯಲಿ ಎಂದು. ಆ ಮನೆಯಲ್ಲಿ ಹಾಕಿದ್ದು ತಮ್ಮ ಒಲೆಯಿಂದ ಹುಳ ಉಳಿಯಲಿ ಎಂದು. ಒಂದೇ ಜಾಳಿ, ಎರಡು ವಾದ. ನನಗೆ ಇದು ಮೊದಲು ತಮಾಷೆಯಾಗಿ ಕಂಡಿತು.

ಬಾಗಿಲು ಇಳಿದು ಹೊಸ್ತಿಲಿಗೆ ತಾಗಿ ಕೊರೆಯುತ್ತಿತ್ತು. ಮೂರು ಕಬ್ಬಿಣದ ಬಿಜಾಗರಿಗಳಲ್ಲಿ ಮೇಲಿನದರ, ಕೆಳಗಿನದರ ಕಡ್ಡಿಗಳು ಸವೆದು ತೆಳ್ಳಗಾಗಿದ್ದವು. ತೆಗೆದಾಗಲೊಮ್ಮೆ ಕಿರ್ರೆಂದು ಓಣಿಗೆಲ್ಲ ಕೇಳುವ ಸಪ್ಪಳ. ಇಷ್ಟು ಸವೆಯಲು ಕಾರಣ ಕೇಳಿದರೆ, ಆ ಬಾಗಿಲು ಹುಟ್ಟಿದಾಗಿನಿಂದ ಎಣ್ಣೆ ಕಂಡಿರಲಿಲ್ಲ. ಎಣ್ಣೆ ಹಚ್ಚಿದರೆ ಇರುವೆ ಅಂಟಿಕೊಂಡು ಸಾಯುತ್ತವೆ ಎಂದು ಆಯಿ ಹಚ್ಚಗೊಟ್ಟಿರಲಿಲ್ಲ.

ನನ್ನೊಳಗಿನ ಢಾಲುಗಳೆಲ್ಲ ಎದ್ದು ನಿಂತವು. ಆಯಿಗೆ ಹೇಳಿದೆ:

“ಇರವಿ ಸಾಯಬಾರದಂತ ನೀವು ಎಣ್ಣಿ ಬ್ಯಾಡ ಅಂತೀರಿ. ಎಣ್ಣಿ ಇಲ್ಲದ್ದಕ್ಕ ಕಡ್ಡಿ ಸವದೈತಿ. ಕಡ್ಡಿ ಸವದದ್ದಕ್ಕ ಬಾಗಲಾ ಇಳದೈತಿ. ಇಳದ ಬಾಗಲಾ ದಿನಾ ಹೊಸ್ತಲದ ಮ್ಯಾಲ ಇರವಿ ಅರಿಯಾಕತ್ತೈತಿ. ಈಗ ನೀವ ಹೇಳ್ರಿ ಆಯಿ, ಯಾವ್ದು ದೊಡ್ಡ ಹಿಂಸಾ?”

ಆಯಿ ಬಗ್ಗಿ ಹೊಸ್ತಿಲನ್ನು ನೋಡಿದರು. ಬಾಗಿಲು ಕೊರೆದ ಅರ್ಧಚಂದ್ರದ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ನೀ ಹೇಳೂದು ಖರೇ ಐತಿ ತಮ್ಮಾ. ಬಾಗಲಾ ಎತ್ತಿ ಕೂಡಸ್ರಿ. ಎಣ್ಣಿ ಬ್ಯಾಡ.”

ಹಳೆಯ ಅಳತೆಯ ಬಿಜಾಗರಿ ಈಗಿನ ಅಂಗಡಿಗಳಲ್ಲಿ ಸಿಗುವುದಿಲ್ಲ. ಮಿರಜಿನ ಹಳೆ ಸಾಮಾನಿನ ಪೇಟೆಯಲ್ಲಿ ಹುಡುಕಿ ಸೋಮವಾರ ಬರುತ್ತೇವೆ ಎಂದು ಮಾವ ಅಳತೆ ಬರೆದುಕೊಂಡ. ಹೊರಗೆ ಬರುವಾಗ ನಾನು ಬೀಗುತ್ತಿದ್ದೆ. ಮಾವ ಗಾಡಿಗೆ ಕಿಕ್ ಹೊಡೆಯುತ್ತ ಕೇಳಿದ:

“ಆಯಿ ಸೋತ್ರಂತ ತಿಳದೀಯೇನ್ಲೇ ವಕೀಲ?”

“ಉತ್ತರಾ ಕೊಡಲಿಲ್ಲಲ್ಲ ಮಾವ.”

“ಕೊಟ್ರಲ್ಲ. ಎಣ್ಣಿ ಬ್ಯಾಡ ಅಂದ್ರು.”

ಇದು ಉತ್ತರವೇ ಅಲ್ಲ ಎಂದು ನನಗೆ ಅನ್ನಿಸಿತು. ಪ್ರತಿಪಕ್ಷದವರು ಪ್ರಮಾಣವನ್ನು ಒಪ್ಪಿ ತೀರ್ಮಾನವನ್ನು ಒಪ್ಪದಿದ್ದರೆ ಅದು ಹಟ. ಸೋಮವಾರದವರೆಗೆ ಬಾಗಿಲು ಇರುವೆ ಅರೆಯುತ್ತಲೇ ಇರಬೇಕೇ? ಟೇಪು ಮರೆತೆ ಎಂದು ಮಾವನಿಗೆ ಸುಳ್ಳು ಹೇಳಿ ಹಿತ್ತಲಿಗೆ ಓಡಿದೆ. ಚೀಲದಲ್ಲಿ ಹೊಲಿಗೆ ಯಂತ್ರದ ಎಣ್ಣೆಯ ಸಣ್ಣ ಡಬ್ಬಿ ಇತ್ತು. ಇರುವೆ ಬರುವುದು ಸಿಹಿಗೆ, ಯಂತ್ರದ ಎಣ್ಣೆಗೆ ಯಾವ ಇರುವೆ ಬರುತ್ತದೆ ಎಂದು ನನಗೆ ನಾನೇ ವಾದ ಮಂಡಿಸಿ, ನಾನೇ ತೀರ್ಪು ಕೊಟ್ಟೆ. ಮೂರೂ ಬಿಜಾಗರಿಗೆ ಧಾರಾಳವಾಗಿ ಬಿಟ್ಟೆ. ಕಿರ್ ಸಪ್ಪಳ ನಿಂತಿತು. ಕಡ್ಡಿಗಳು ಸಲೀಸಾದದ್ದಕ್ಕೋ ಏನೋ, ಬಾಗಿಲು ಹೊಸ್ತಿಲಿಗೆ ತಾಗುವುದೂ ಸ್ವಲ್ಪ ಕಡಿಮೆಯಾದಂತೆ ಕಂಡಿತು. ನೋಡಿದಿರಾ ಎಂದು ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಮರುದಿನ ಶುಕ್ರವಾರ ಮಿರಗದ ಮಳೆ, ಅಂದರೆ ಮುಂಗಾರಿನ ಮೊದಲ ಮಳೆ ಬಿತ್ತು. ಆ ದಿನವೇ ಊರಿನ ಬಸದಿಗೆ ಒಬ್ಬ ಮುನಿ ಮಹಾರಾಜರು ಬಂದರು. ಚಾತುರ್ಮಾಸಕ್ಕೆ ಬೇರೆ ಊರಿಗೆ ಹೊರಟವರು, ಇಲ್ಲಿ ಮೂರು ದಿನ ಮಾತ್ರ ಇರುವವರು. ಶನಿವಾರ ಬೆಳಗಿನ ಹನ್ನೊಂದಕ್ಕೆ ಅಪ್ಪಾಸಾಹೇಬರ ಫೋನು ಬಂತು. ಮಾವ ಹಲಗೆ ನುಣುಪಾಗಲು ರಂದಾ ಹೊಡೆಯುತ್ತಿದ್ದುದರಿಂದ ಸ್ಪೀಕರಿಗೆ ಹಾಕಿದ. ಅಂತರಾಯ ಆಯಿತು, ಆಯಿ ನಿಮ್ಮನ್ನು ಈಗಲೇ ಕರೆಯುತ್ತಿದ್ದಾರೆ ಎಂದು ಅಪ್ಪಾಸಾಹೇಬರು ತಗ್ಗಿದ ದನಿಯಲ್ಲಿ ಹೇಳಿದರು.

ಅಂತರಾಯ ಎಂದರೇನೆಂದು ನನಗೆ ಗೊತ್ತಿರಲಿಲ್ಲ. ದಾರಿಯಲ್ಲಿ ಮಾವ ಹೇಳಿದ. ಆ ಮುನಿಗಳು ಉಣ್ಣುವುದು ದಿನಕ್ಕೆ ಒಂದೇ ಸಲ, ನಿಂತು, ಬೊಗಸೆಯಲ್ಲಿ. ನೀರು ಕುಡಿಯುವುದೂ ಆಗಲೇ, ಮತ್ತೆ ಮರುದಿನದವರೆಗೆ ಒಂದು ಗುಟುಕೂ ಇಲ್ಲ. ಉಣ್ಣುವಾಗ ಕಣ್ಣೆದುರು ಒಂದು ಜೀವ ಸತ್ತರೆ ಅಲ್ಲಿಗೆ ಊಟ ಮುಗಿಯಿತು, ಬೊಗಸೆ ಬಿಡುತ್ತಾರೆ. ಅದೇ ಅಂತರಾಯ.

ನಡೆದದ್ದನ್ನು ಅಪ್ಪಾಸಾಹೇಬರು ಬಾಗಿಲಲ್ಲೇ ಹೇಳಿದರು. ಆ ದಿನ ಮುನಿಗಳು ಇವರ ಮನೆಯ ಮುಂದೆ ನಿಂತರು. ಕಾಲು ತೊಳೆದು ಒಳಗೆ ಕರೆದೊಯ್ದರು. ಮೂರನೆಯ ತುತ್ತು. ನೀರು ಕೊಡುವುದು ಇನ್ನೂ ಬಾಕಿ. ಸೊಸೆ ಹಿತ್ತಲಿನ ಒಲೆಯಿಂದ ಕಾಸಿದ ನೀರು ತರಲು ಜಾಳಿ ಬಾಗಿಲು ತೆರೆದಳು. ಮಳೆಗೆ ಎದ್ದ ರೆಕ್ಕೆಹುಳಗಳು ರಾತ್ರಿಯೆಲ್ಲ ಜಾಳಿಗೆ ಬಂದು, ಸರಿದು ಬಿಜಾಗರಿಯ ಎಣ್ಣೆಗೆ ಅಂಟಿದ್ದವು. ಕೆಲವು ಇನ್ನೂ ರೆಕ್ಕೆ ಆಡಿಸುತ್ತಿದ್ದವು. ಬಾಗಿಲು ಸಪ್ಪಳವಿಲ್ಲದೆ ತೆರೆಯಿತು, ಮೇಲಿನ ಬಿಜಾಗರಿಯ ಎರಡು ಪಟ್ಟಿಗಳ ನಡುವೆ ಒಂದು ಹುಳ ಅರೆದುಹೋಯಿತು. ಮುನಿಗಳ ಕಣ್ಣು ಅಲ್ಲೇ ಇತ್ತು. ಅವರು ಬೊಗಸೆ ಬಿಟ್ಟು ಕೂತು, ಆಮೇಲೆ ಎದ್ದು ಬಸದಿಗೆ ನಡೆದರು.

ಜೂನ್ ತಿಂಗಳ ಸೆಕೆಯಲ್ಲಿ ಒಬ್ಬ ಮನುಷ್ಯ ಮರುದಿನದವರೆಗೆ ನೀರಿಲ್ಲದೆ ಇರುತ್ತಾನೆ, ಕಾರಣ ನನ್ನ ಕೈಯ ಡಬ್ಬಿ. ನಂಬಿಕೆ ಇಲ್ಲದಿದ್ದರೂ ಬಾಯಾರಿಕೆ ನನಗೆ ಅರ್ಥವಾಗುತ್ತದೆ.

ಆಯಿ ಹಿತ್ತಲಿನಲ್ಲಿ ಮಣೆಯ ಮೇಲೆ ಕೂತು, ಹತ್ತಿಯ ಎಳೆಯಿಂದ ಬದುಕಿದ್ದ ಹುಳಗಳನ್ನು ಒಂದೊಂದಾಗಿ ಬಿಡಿಸಿ ಬಾಳೆಯ ಎಲೆಯ ಮೇಲೆ ಇಡುತ್ತಿದ್ದರು. ಮುನಿಗಳು ಉಣ್ಣದೆ ಹೋದದ್ದಕ್ಕೆ ಅವರೂ ನೀರು ಮುಟ್ಟಿರಲಿಲ್ಲ. ಮಾವ ಬಿಜಾಗರಿಯನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದ. ಅವನು ಕೇಳುವ ಮೊದಲು ನಾನು ಹೇಳಿದೆ:

“ಎಣ್ಣಿ ಹಚ್ಚಿದಾಂವ ನಾನ್ರಿ ಆಯಿ.”

“ಗೊತ್ತೈತಿ” ಎಂದರು ಆಯಿ, ತಲೆಯೆತ್ತದೆ. “ಮನ್ಯಾಗ ಮತ್ಯಾರೂ ಹಚ್ಚಂಗಿಲ್ಲ. ಆದ್ರ ತಪ್ಪು ನಿಂದೊಬ್ಬಂದ ಅಲ್ಲ. ಮೊನ್ನಿಯಿಂದ ಬಾಗಲಾ ಸಪ್ಪಳ ಮಾಡಲಿಲ್ಲ. ಯಾಕಂತ ನಾ ನೋಡಬೇಕಾಗಿತ್ತು. ಕಿವಿಗೆ ಹಿತಾ ಆತು, ಸುಮ್ಮಕುಂತ್ನಿ.”

ಮಾವ ಸ್ಕ್ರೂಡ್ರೈವರ್ ನನ್ನ ಕೈಗಿಟ್ಟು, ಮೊದಲು ಬೂದಿ ತಾ ಎಂದ. ಹಿತ್ತಾಳೆಯ ಬಿಜಾಗರಿಗಳು ಹಿಂದಿನ ಸಂಜೆಯೇ ಮಿರಜಿನಿಂದ ಬಂದಿದ್ದವು. ಆಯಿಯ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಎಲ್ಲ ಕೆಲಸ ಮುಗಿಯಬೇಕು. ಮುನಿಗಳಿಗೆ ಈ ಊರಿನಲ್ಲಿ ಉಳಿದದ್ದು ಮರುದಿನದ ಒಂದೇ ಊಟ.

ಒಣ ಬೂದಿಯಿಂದ ಎಣ್ಣೆಯನ್ನೆಲ್ಲ ಹೀರಿಸಿ ತೆಗೆದೆವು. ಬಾಗಿಲ ಕೆಳಗೆ ಬೆಣೆ ಕೊಟ್ಟು ಎತ್ತಿ, ಭಾರವನ್ನು ನೆಲಕ್ಕೆ ಒಪ್ಪಿಸಿ, ಕೆಳಗಿನದನ್ನು ಬಿಚ್ಚಿ ಕೂರಿಸಿದ ಮೇಲೆಯೇ ಮೇಲಿನದಕ್ಕೆ ಕೈ ಹಾಕಿದೆವು. ಮೂರನ್ನೂ ಒಟ್ಟಿಗೆ ಬಿಚ್ಚುವವನಿಗೆ ಬಾಗಿಲು ಮತ್ತೆ ಮೊದಲಿನ ಜಾಗ ಕೊಡುವುದಿಲ್ಲ. ಆಯಿ ಪ್ರತಿಯೊಂದನ್ನೂ ವಿಚಾರಿಸಿದರು. ಗೂಟಕ್ಕೆ ಹಚ್ಚುವ ಅಂಟು ಯಾವುದು? ಎಲುಬು ಚರ್ಮ ಕುದಿಸಿ ಮಾಡುವ ಸರೇಸ ಬೇಡ. ಮಾವ ಕಾರ್ಖಾನೆಯ ಬಿಳಿ ಅಂಟಿನ ಡಬ್ಬಿ ತೋರಿಸಿದ. ಸ್ಕ್ರೂ ಸಲೀಸಾಗಿ ಇಳಿಯಲು ನಾನು ಸಾಬೂನಿಗೆ ಉಜ್ಜಲು ಹೋದೆ. ಅದರಲ್ಲಿ ಕೊಬ್ಬು ಇದ್ದೀತು ಎಂದರು. ಜೇನುಮೇಣವೂ ಬೇಡ. ಮಾವ ಚೀಲದಿಂದ ಅಂಗಡಿಯ ಮೇಣದಬತ್ತಿ ತೆಗೆದ. ಬಾಗಿಲಿಗೆ ಅರಗಿನ ಪಾಲಿಶೂ ಇಲ್ಲ, ಅರಗು ಎಂದರೆ ಹುಳ. ನನ್ನ ಕಸುಬಿನಲ್ಲಿ ಎಷ್ಟು ಪ್ರಾಣಿಗಳು ಕರಗಿ ಸೇರಿವೆ ಎಂದು ನಾನು ಲೆಕ್ಕ ಹಾಕಿದ್ದು ಅದೇ ಮೊದಲು. ಮಾವನಿಗೆ ಇದೆಲ್ಲ ಮೊದಲೇ ತಿಳಿದಿತ್ತು. ಯಾವ ಮನೆಗೆ ಯಾವ ಚೀಲ ಎಂದು ಅವನು ಹೊರಡುವಾಗಲೇ ಬೇರೆ ಮಾಡುತ್ತಿದ್ದ. ಮೂರು ವರ್ಷ ಆ ಚೀಲ ಹೊತ್ತ ನಾನು ಅದನ್ನು ಗಮನಿಸಿರಲಿಲ್ಲ.

ಕೊನೆಗೆ ಕಡ್ಡಿ. ಎಣ್ಣೆಯಿಲ್ಲದೆ ತಿರುಗಬೇಕು. ಮಾವ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದು, ಅದರ ಸೀಸವನ್ನು ಸಾಣೆಕಲ್ಲಿನ ಮೇಲೆ ತೇದು ಪುಡಿ ಮಾಡಿ, ಕಡ್ಡಿಗೆ ಬೆರಳಿಂದ ಉಜ್ಜಿದ. ಒಣ ಪುಡಿ, ಯಾವ ಹುಳವೂ ಅಂಟದು. ಕಡ್ಡಿ ನೀರಿನ ಹಾಗೆ ತಿರುಗಿತು. ಆಯಿಯ ಮುಂದೆ ಹಿಂಸೆಯ ಬಗ್ಗೆ ಭಾಷಣ ಮಾಡಿದ ದಿನ ನನ್ನ ಕಿವಿಯ ಸಂದಿಯಲ್ಲೂ ಅದೇ ಪೆನ್ಸಿಲ್ ಇತ್ತು.

ನಡುವಿನ ಬಿಜಾಗರಿಗೆ ಬಂದಾಗ ಆಯಿ ತಡೆದರು. ಅದು ಹಳೆಯದೇ ಇರಲಿ, ಒಣಗಿಯೇ ಇರಲಿ ಎಂದರು. ನಾನು ಮಾತಾಡಬಾರದು ಎಂದುಕೊಂಡಿದ್ದೆ. ಆದರೂ ಮತ್ತೆ ಕಿರುಗುಟ್ಟುತ್ತದಲ್ಲ ಎಂದೆ.

“ಕಿರುಗುಟ್ಲಿ. ಸಪ್ಪಳಾ ಆದ್ರ ಕೈ ನಿಂದರ್ತೈತಿ. ಕೈ ನಿಂತ್ರ ಕಣ್ಣು ಕೆಳಗ ನೋಡ್ತೈತಿ.”

ಮಾವ ತಲೆಯಾಡಿಸಿ ಸ್ಕ್ರೂಡ್ರೈವರ್ ಕೆಳಗಿಟ್ಟ. ಮೂರರಲ್ಲಿ ನಡುವಿನದಕ್ಕೆ ಭಾರ ಕಡಿಮೆ, ಅದರ ಕಡ್ಡಿಯೂ ಅಷ್ಟು ಸವೆದಿರಲಿಲ್ಲ, ಒಣಗಿದ್ದರೂ ನಡೆಯುತ್ತದೆ. ಯಾವ ಕಾಲೇಜಿಗೂ ಹೋಗದ ಆಯಿ ಬಡಿಗತನದ ಪ್ರಕಾರವೂ ಸರಿಯಾದದ್ದನ್ನೇ ಕೇಳಿದ್ದರು. ಸಂಜೆ ಗಾಡಿಯ ಮೇಲೆ ಮಾವ ಹೇಳಿದ್ದು ಒಂದೇ ಮಾತು, ವಕೀಲರಿಗೆ ಇವತ್ತು ಕೋರ್ಟು ರಜೆ ಎಂದು.

ಮರುದಿನ ಬಾಗಿಲು ಹೇಗಿದೆ ನೋಡಿ ಬರುತ್ತೇವೆ ಎಂಬ ನೆಪದಲ್ಲಿ ಮತ್ತೆ ಹೋದೆವು. ಓಣಿಯ ಮನೆಮನೆಯ ಮುಂದೆ ಜನ ಕಲಶ ಹಿಡಿದು ನಿಂತಿದ್ದರು. ಮುನಿಗಳು ಮನಸ್ಸಿನಲ್ಲೇ ಒಂದು ನಿಯಮ ಮಾಡಿಕೊಂಡು ಹೊರಡುತ್ತಾರೆ, ಅದು ಎಲ್ಲಿ ಕೂಡಿಬಂದರೆ ಅಲ್ಲಿ ನಿಲ್ಲುತ್ತಾರೆ, ಮೊದಲೇ ಯಾರಿಗೂ ಗೊತ್ತಾಗುವುದಿಲ್ಲ. ಆಯಿ ಎರಡನೆಯ ದಿನವೂ ಉಪವಾಸವಿದ್ದು ಕಲಶ ಹಿಡಿದಿದ್ದರು. ಮುನಿಗಳು ಬಂದರು, ಆಯಿಯ ಮುಂದೆ ಒಂದು ಕ್ಷಣ ನಿಧಾನಿಸಿದರು, ಮುಂದೆ ಹೋದರು. ಮೂಲೆಯ ಮನೆಯ ಮುಂದೆ ನಿಂತರು. ಅಪ್ಪಾಸಾಹೇಬರ ಮುಖ ಇಳಿಯಿತು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಯಿ ಮಾತ್ರ ಕಲಶ ಇಳಿಸಲಿಲ್ಲ. ಮಗನನ್ನು ಮೂಲೆಯ ಮನೆಗೆ ಕಳಿಸಿ ಅಲ್ಲೇ ನಿಂತರು. ಅರ್ಧ ಗಂಟೆಯಾದ ಮೇಲೆ ಅಪ್ಪಾಸಾಹೇಬರು ಹಿಂದಿರುಗಿದರು.

“ಉಂಡ್ರೇನೋ?”

“ಉಂಡ್ರವ್ವಾ. ಪೂರಾ ಆತು. ನೀರೂ ತಗೊಂಡ್ರು.”

ಆಯಿ ಕಲಶವನ್ನು ಕಟ್ಟೆಯ ಮೇಲಿಟ್ಟು ಅಲ್ಲೇ ಕೂತರು, ನಕ್ಕರು, ಸೊಸೆಗೆ ನೀರು ಕೇಳಿದರು. ಕುಡಿದಾದ ಮೇಲೆ ನಾನು ಮೆಲ್ಲಗೆ, ನಿಮ್ಮ ಮನೆಯಲ್ಲಿ ಆಗಲಿಲ್ಲವಲ್ಲ ಎಂದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಬೇಸರವಿರಲಿಲ್ಲ, ಆಶ್ಚರ್ಯವಿತ್ತು.

“ನಮ್ಮ ಮನ್ಯಾಗ ಉಣ್ಣಲಿ ಅಂತ ನಾ ಎಲ್ಲಿ ಅಂದ್ನಿ ತಮ್ಮಾ? ನಿನ್ನಿ ಇಲ್ಲಿಂದ ಹಸದು ಹೋಗಿದ್ರು. ಇವತ್ತು ಎಲ್ಲೆರ ಉಂಡ್ರ ಸಾಕಾಗಿತ್ತು.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಎದುರಾಳಿಯ ಪ್ರತಿಯೊಂದು ಮಾತನ್ನೂ ಮುರಿಯುತ್ತಿದ್ದೆ. ಎದುರಿಗಿರುವವರಿಗೆ ನಿಜವಾಗಿ ಬೇಕಾದದ್ದೇನು ಎಂದು ಒಮ್ಮೆಯೂ ಕೇಳಿರಲಿಲ್ಲ. ಅಂಗಡಿಗೆ ಬಂದವರನ್ನು ಯಾರ ಮನೆಯ ಬಾಗಿಲು ಎಂದು ನಾನು ಕೇಳುವುದು ಇದಕ್ಕೇ.

ಮುನಿಗಳಿಗೆಂದು ಮಾಡಿದ್ದ ಅಡುಗೆಯನ್ನು ಹಿತ್ತಲಿನ ಪಡಸಾಲೆಯಲ್ಲಿ ನಮಗೆ ಬಡಿಸಿದರು. ಆಯಿ ತಾವೇ ನೀರಿನ ತಂಬಿಗೆ ಹಿಡಿದು ಜಾಳಿ ಬಾಗಿಲಿಗೆ ಬಂದರು. ನಡುವಿನ ಬಿಜಾಗರಿ ಕಿರ್ ಎಂದಿತು. ಕೈ ನಿಂತಿತು, ಹೊಸ್ತಿಲನ್ನು ನೋಡಿದರು, ದಾಟಿ ಬಂದರು. ಊಟವಾದ ಮೇಲೆ ತಂಬಿಗೆ ಒಳಗಿಡಲು ನಾನೇ ಎದ್ದು ಹೋಗಿ ಬಾಗಿಲು ದೂಡಿದೆ. ಮತ್ತೆ ಕಿರ್ ಎಂದಿತು. ಆಯಿಯ ಮುನಿಗಳು, ನಿಯಮ, ಅಂತರಾಯ ಯಾವುದನ್ನೂ ನಾನು ಅವತ್ತೂ ನಂಬಿರಲಿಲ್ಲ, ಇವತ್ತೂ ನಂಬುವುದಿಲ್ಲ. ಆದರೆ ನನ್ನ ಕೈ ನಿಂತಿತು. ಬಗ್ಗಿ ನೋಡಿದೆ. ಹೊಸ್ತಿಲ ಮೇಲೆ ಒಂದು ಕರಿ ಇರುವೆ ಹೋಗುತ್ತಿತ್ತು. ಅದು ಆ ಕಡೆ ದಾಟುವವರೆಗೆ ತಂಬಿಗೆ ಹಿಡಿದು ನಿಂತೆ.